ಪೈಪ್ ಸೋರುತ್ತಿದೆಯಾ? ಮೊದಲು ಹೊಟ್ಟೆ ಕಡೆ ನೋಡಿ

ಪ್ರಶ್ನೆ: ಸಿಸ್ಟರ್, ನಮ್ಮ ಮಾವನವರಿಗೆ 78 ವರ್ಷ. ಪ್ರಾಸ್ಟೇಟ್ ತೊಂದರೆಯಿಂದ ಮೂತ್ರ ಕಟ್ಟಿಕೊಂಡಿತ್ತು. ಪೈಪ್ ಹಾಕಿ ಮನೆಗೆ ಕಳಿಸಿದ್ದಾರೆ. ಎದ್ದು ಓಡಾಡುವುದು ಕಡಿಮೆ. ಈಗ ಪೈಪಿನ ಸುತ್ತ ಮೂತ್ರ ಸೋರಿ ಹಾಸಿಗೆಯೆಲ್ಲ ಒದ್ದೆಯಾಗುತ್ತಿದೆ. ಅದಕ್ಕೇ ನೀರು ಕೊಡುವುದನ್ನು ಕಡಿಮೆ ಮಾಡಿದ್ದೇವೆ. ದಪ್ಪ ಪೈಪ್ ಹಾಕಿಸಿದರೆ ಸರಿಹೋಗುತ್ತಾ? ಮಲಬದ್ಧತೆಯಂತೂ ಇಲ್ಲ. ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ ನೀರಾಗಿ ಹೋಗುತ್ತದೆ, ಅದಕ್ಕೆ ಭೇದಿ ನಿಲ್ಲುವ ಮಾತ್ರೆ ಕೊಡುತ್ತಿದ್ದೇವೆ.

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲು ಓದಿ ನನಗೆ ಆತಂಕವಾಯಿತು. ಭೇದಿ ನಿಲ್ಲುವ ಮಾತ್ರೆಯನ್ನು ಇವತ್ತೇ ನಿಲ್ಲಿಸಿ, ಡಾಕ್ಟರಿಗೆ ತೋರಿಸಿ. ಅದು ಭೇದಿಯೇ ಅಲ್ಲದಿರಬಹುದು. ಮಲಗಿದ್ದಲ್ಲೇ ಇರುವ ಹಿರಿಯರಲ್ಲಿ ಗಟ್ಟಿ ಮಲ ಗುದನಾಳದಲ್ಲಿ ಸಿಕ್ಕಿಕೊಂಡು ಬಿಡುತ್ತದೆ. ಮೇಲಿರುವ ತೆಳು ಮಲ ಅದರ ಸಂದಿಯಿಂದ ಜಿನುಗುತ್ತದೆ. ನೋಡಿದವರಿಗೆ ಹೊಟ್ಟೆ ಸಡಿಲವಾದಂತೆ ಕಾಣುತ್ತದೆ, ಒಳಗೆ ಮಾತ್ರ ಕಟ್ಟಿಕೊಂಡಿರುತ್ತದೆ. ಸರ್ಜರಿ ವಾರ್ಡಿನಲ್ಲಿ ನಾನು ಇದನ್ನು ಎಷ್ಟೋ ಸಲ ನೋಡಿದ್ದೇನೆ. ಡಾಕ್ಟರ್ ಬೆರಳಿನಿಂದ ಪರೀಕ್ಷೆ ಮಾಡಿದರೆ ಸಾಮಾನ್ಯವಾಗಿ ಗೊತ್ತಾಗಿಬಿಡುತ್ತದೆ.

ಇದಕ್ಕೂ ಪೈಪ್ ಸೋರುವುದಕ್ಕೂ ಏನು ಸಂಬಂಧ ಅಂತ ಕೇಳಬಹುದು. ಗುದನಾಳ ಇರುವುದು ಮೂತ್ರಚೀಲದ ಹಿಂದೆಯೇ. ಅದು ತುಂಬಿ ಉಬ್ಬಿದರೆ ಮೂತ್ರಚೀಲವನ್ನೂ ಪೈಪನ್ನೂ ಒತ್ತುತ್ತದೆ. ಪೈಪಿನೊಳಗೆ ಇಳಿಯಬೇಕಾದ ಮೂತ್ರ ಪಕ್ಕದಿಂದ ದಾರಿ ಮಾಡಿಕೊಳ್ಳುತ್ತದೆ. ಹೊಟ್ಟೆ ಸರಿಯಾದ ಮೇಲೆ ಎಷ್ಟೋ ಜನರಿಗೆ ಸೋರುವುದು ತಾನಾಗಿಯೇ ನಿಲ್ಲುತ್ತದೆ. ದಪ್ಪ ಪೈಪ್ ಹಾಕಿಸಿದರೆ ಮೂತ್ರಚೀಲ ಇನ್ನಷ್ಟು ಕೆರಳಿ ಜಾಸ್ತಿ ಸೋರಬಹುದು. ಹಾಗಾಗಿ ದಯವಿಟ್ಟು ಅದಕ್ಕೆ ಅವಸರ ಮಾಡಬೇಡಿ.

ನೀರು ಕಡಿಮೆ ಮಾಡುವುದಂತೂ ಬೇಡವೇ ಬೇಡ. ಮಲ ಇನ್ನೂ ಗಟ್ಟಿಯಾಗುತ್ತದೆ. ಮೂತ್ರ ದಪ್ಪವಾಗಿ, ಅದರಲ್ಲಿನ ಮಡ್ಡಿ ಪೈಪ್ ಕಟ್ಟುತ್ತದೆ. ಹೃದಯ ಅಥವಾ ಕಿಡ್ನಿ ತೊಂದರೆಗೆ ಡಾಕ್ಟರ್ ನೀರಿನ ಮಿತಿ ಹೇಳಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ 2 ಲೀಟರ್ ಹೋಗಲಿ. ಒಮ್ಮೆಲೇ ಬೇಡ, ಗುಟುಕು ಗುಟುಕಾಗಿ. ನಾರಿನ ಪುಡಿಯನ್ನು ಈಗಲೇ ಶುರು ಮಾಡಬೇಡಿ. ಸಿಕ್ಕಿಕೊಂಡ ಮಲದ ಮೇಲೆ ಅದು ಇನ್ನಷ್ಟು ತುಂಬಿಕೊಳ್ಳುತ್ತದೆ. ಮೊದಲು ಹಳೆಯದು ಹೋಗಬೇಕು. ಅದು ಔಷಧಿಯೋ ಎನಿಮಾವೋ ಡಾಕ್ಟರ್ ಹೇಳಲಿ. ಆಮೇಲೆ ದಿನಾ ಬೆಳಿಗ್ಗೆ ತಿಂಡಿಯಾದ ಅರ್ಧ ಗಂಟೆಯೊಳಗೆ ಕಮೋಡಿನ ಮೇಲೆ ಕೂರಿಸಿ. ಹೊಟ್ಟೆಗೆ ಊಟ ಬಿದ್ದಾಗ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ, ಆ ಹೊತ್ತನ್ನು ಬಿಡಬಾರದು. ಕಾಲಡಿ ಮಣೆ ಇಟ್ಟು ಮಂಡಿ ಸ್ವಲ್ಪ ಮೇಲೆ ಬರುವಂತೆ ಮಾಡಿ. ಬಾಗಿಲು ಮುಂದೆ ಮಾಡಿ ನೀವು ಹೊರಗೆ, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ನಿಂತಿರಿ. ಸೊಸೆಯ ಮುಂದೆ ಇದೆಲ್ಲ ಮಾಡುವುದು ಅವರಿಗೆ ಎಷ್ಟು ಕಷ್ಟ ಅಲ್ವಾ? ಸಂಕೋಚಕ್ಕೇ ಮಲ ತಡೆದುಕೊಳ್ಳುವವರು ಬಹಳ ಜನ.

ಪೈಪ್ ಎಲ್ಲೂ ಮಡಚಿಲ್ಲವೇ, ಮೈಯಡಿ ಸಿಕ್ಕಿಕೊಂಡಿಲ್ಲವೇ ನೋಡಿ. ಎಳೆತ ಬೀಳದಂತೆ ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಅಂಟಿಸಿ. ಮೂತ್ರದ ಬ್ಯಾಗ್ ಯಾವಾಗಲೂ ಮೂತ್ರಚೀಲಕ್ಕಿಂತ ಕೆಳಗಿರಲಿ, ಆದರೆ ನೆಲಕ್ಕೆ ತಾಗಬಾರದು. ಬ್ಯಾಗಿಗೆ ಮೂತ್ರ ಬರುವುದು ನಿಂತು ಕೆಳಹೊಟ್ಟೆ ಉಬ್ಬಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಪೈಪ್ ಎಳೆಯಲೇಬಾರದು. ಒಳಗೆ ನೀರು ತುಂಬಿದ ಬಲೂನ್ ಇರುತ್ತದೆ, ಎಳೆದರೆ ಮೂತ್ರ ಹೊರಬರುವ ನಾಳ ಹರಿದುಹೋಗಬಹುದು.

ಪ್ರಶ್ನೆ: ತಾಯಿಗೆ ತಿಂಗಳುಗಟ್ಟಲೆಯಿಂದ ಯೂರಿನ್ ಪೈಪ್ ಇದೆ. ಮೂತ್ರ ಮಬ್ಬಾಗಿದೆ, ವಾಸನೆ ಇದೆ. ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಇದೆ ಎಂದರು. ಆಂಟಿಬಯೋಟಿಕ್ ಶುರು ಮಾಡಬೇಕಾ?

ಉತ್ತರ: ತಾಯಿ ಆರಾಮಾಗಿದ್ದರೆ ಸಾಮಾನ್ಯವಾಗಿ ಬೇಕಿಲ್ಲ. ಬಹಳ ದಿನ ಪೈಪ್ ಇದ್ದವರ ಮೂತ್ರದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಸುಮ್ನೆ ಮಾತ್ರೆ ನುಂಗಿಸಿದರೆ ನಾಳೆ ನಿಜವಾದ ಸೋಂಕು ಬಂದಾಗ ಅದೇ ಔಷಧಿ ಕೆಲಸ ಮಾಡದೆ ಹೋಗಬಹುದು. ಜ್ವರ, ನಡುಕ, ಕೆಳಹೊಟ್ಟೆ ಅಥವಾ ಪಕ್ಕೆ ನೋವು, ಇದ್ದಕ್ಕಿದ್ದಂತೆ ತಬ್ಬಿಬ್ಬಾಗಿ ಮಾತಾಡುವುದು, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ತೋರಿಸಿ. ಪರೀಕ್ಷೆಗೆ ಬ್ಯಾಗಿನಿಂದ ಮೂತ್ರ ಹಿಡಿದು ಕೊಡಬೇಡಿ. ಅಲ್ಲಿ ನಿಂತ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತದೆ.

ಪ್ರಶ್ನೆ: ನನಗೆ ಸಣ್ಣ ಕರುಳಿನ ಆಪರೇಷನ್ ಆಗಿ ಹೊಟ್ಟೆಗೆ ಬ್ಯಾಗ್ ಹಾಕಿದ್ದಾರೆ. ಸುತ್ತಲಿನ ಚರ್ಮ ಕೆಂಪಾಗಿ ಉರಿಯುತ್ತದೆ. ಕ್ರೀಮ್ ಹಚ್ಚಿದರೆ ಬ್ಯಾಗೇ ಅಂಟುವುದಿಲ್ಲ.

ಉತ್ತರ: ಕ್ರೀಮ್ ಬಿಡಿ. ಸಣ್ಣ ಕರುಳಿನಿಂದ ಬರುವ ಮಲದಲ್ಲಿ ಜೀರ್ಣರಸ ಇರುತ್ತದೆ, ಅದು ತಾಗಿದಲ್ಲೆಲ್ಲ ಚರ್ಮ ಸುಡುತ್ತದೆ. ಆಪರೇಷನ್ ಆದ ಮೊದಲ 6ರಿಂದ 8 ವಾರ ಸ್ಟೋಮಾ, ಅಂದರೆ ಹೊಟ್ಟೆಯ ಮೇಲೆ ಹೊರತಂದ ಕರುಳಿನ ಬಾಯಿ, ಕುಗ್ಗುತ್ತಾ ಹೋಗುತ್ತದೆ. ನೀವು ಬ್ಯಾಗಿನ ಅಂಟುವ ಭಾಗದಲ್ಲಿ ಇನ್ನೂ ಹಳೆಯ ಅಳತೆಗೇ ತೂತು ಕತ್ತರಿಸುತ್ತಿದ್ದೀರಾ? ಪ್ರತಿ ಸಲ ಅಳೆದು, ಸ್ಟೋಮಾಕ್ಕಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಿ. ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಿ. ಸ್ಟೋಮಾ ಕೆಂಪಗೆ, ತೇವವಾಗಿದ್ದರೆ ಭಯವಿಲ್ಲ. ಅದು ನೀಲಿ ಅಥವಾ ಕಪ್ಪಾದರೆ, ಇಲ್ಲವೇ ಬ್ಯಾಗಿಗೆ ಏನೂ ಬಾರದೆ ಹೊಟ್ಟೆ ನೋವು, ವಾಂತಿ ಶುರುವಾದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ.