ಬಂಧವಿದ್ದರೂ ದ್ರವ ಸ್ಫಟಿಕವಾಗದ್ದೇಕೆ?

ಪ್ರಶ್ನೆ: 4-ಆಕ್ಟೈಲಾಕ್ಸಿ ಬೆಂಜೋಯಿಕ್ ಆಮ್ಲವನ್ನು ಪೋಲರೈಸಿಂಗ್ ಸೂಕ್ಷ್ಮದರ್ಶಕದಡಿ ಕಾಯಿಸಿದರೆ ದ್ರವ ಸ್ಫಟಿಕದ (ದ್ರವದಂತೆ ಹರಿದರೂ ಅಣುಗಳು ಸಾಲುಗಟ್ಟಿರುವ ಸ್ಥಿತಿಯ) ವಿನ್ಯಾಸ ಚೆನ್ನಾಗಿ ಕಾಣುತ್ತದೆ. ಅದರ ಮೀಥೈಲ್ ಎಸ್ಟರ್ ಮತ್ತು ಆಕ್ಟೈಲಾಕ್ಸಿ ಬಾಲ ಉಂಗುರದ ಎದುರು ತುದಿಯಲ್ಲಿ (ಪ್ಯಾರಾ) ಇರದೆ ಓರೆಯಾದ ಮೆಟಾ ಜಾಗದಲ್ಲಿರುವ ಆಮ್ಲ ಮಾತ್ರ ಸುಮ್ಮನೆ ಕರಗಿಬಿಡುತ್ತವೆ. ಯಾಕೆ? ಪ್ಯಾರಾ ಆಮ್ಲದ 100 ಮಿ.ಗ್ರಾಂಗೆ 31.2 ಮಿ.ಗ್ರಾಂ 4,4′-ಬೈಪಿರಿಡೀನ್ ಬೆರೆಸಿದರೆ ಒಂದೇ ಸ್ಲೈಡಿನಲ್ಲಿ ಎರಡು ಬಗೆಯ ವಿನ್ಯಾಸ ಬರುತ್ತಿದೆ. ತಪ್ಪೆಲ್ಲಿ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ಎಸ್ಟರ್, ಮೆಟಾ ಆಮ್ಲ ಎರಡೂ ಕೈಕೊಟ್ಟದ್ದು ಬೇರೆ ಬೇರೆ ಕಾರಣಕ್ಕೆ. ಪ್ಯಾರಾ ಆಮ್ಲದ ಒಂಟಿ ಅಣುವಿಗೆ ಇರುವುದು ಒಂದೇ ಬೆಂಜೀನ್ ಉಂಗುರ. ಅಷ್ಟು ಉದ್ದ ಸಾಲದು. ಎರಡು ಅಣುಗಳ ಕಾರ್ಬಾಕ್ಸಿಲ್ ತುದಿಗಳು ಎದುರುಬದುರಾಗಿ ಎರಡು ಹೈಡ್ರೋಜನ್ ಬಂಧ ಹಾಕಿಕೊಂಡಾಗ ನಡುವೆ ಎಂಟು ಪರಮಾಣುಗಳ ಇನ್ನೊಂದು ಉಂಗುರ ಕೂಡುತ್ತದೆ. ಮೂರು ಉಂಗುರಗಳ ನಡು, ಎರಡೂ ಕಡೆ ಬಾಲ: ಈಗ ಅದು ನೆಟ್ಟನೆಯ ಕೋಲು. ಸುಮಾರು 101 ಡಿಗ್ರಿ ಸೆಲ್ಸಿಯಸ್‌ಗೆ ಕರಗಿ ಸ್ಮೆಕ್ಟಿಕ್-ಸಿ (ಕೋಲುಗಳು ಪದರಗಳಲ್ಲಿ ಓರೆಯಾಗಿ ನಿಂತ ಹಂತ), 108ಕ್ಕೆ ನೆಮ್ಯಾಟಿಕ್ (ಪದರವಿಲ್ಲದೆ ಒಂದೇ ದಿಕ್ಕಿಗೆ ನಿಂತ ಹಂತ), 147ಕ್ಕೆ ಮಾಮೂಲಿ ದ್ರವ. ಎಸ್ಟರಿನ ಬಳಿ ಬಂಧಕ್ಕೆ ಕೊಡಲು ಹೈಡ್ರೋಜನ್ನೇ ಇಲ್ಲ, ಜೋಡಿಯಾಗುವ ಮಾತೇ ಇಲ್ಲ. ಮೆಟಾ ಆಮ್ಲವಾದರೋ ಜೋಡಿಯಾಗುತ್ತದೆ. ಆದರೆ ಬಾಲಗಳು ಓರೆಯಾಗಿ ಚಾಚಿ ಅಗಲ ಹೆಚ್ಚುವುದರಿಂದ ಸಾಲುಗಟ್ಟಿ ನಿಲ್ಲಲಾರದು. (ಹಾಗೆಂದು ಕೋಲೇ ಆಗಬೇಕೆಂದಿಲ್ಲ. ಐದು ಉಂಗುರಗಳ ಬಾಗಿದ ಅಣುಗಳಿಗೆ ತಮ್ಮದೇ ಹಂತಗಳಿವೆ. ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕವಾಗುತ್ತವೆಂದು 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು ತೋರಿಸಿದರು.)

ಇನ್ನು ಬೈಪಿರಿಡೀನ್. ಅದರ ಎರಡು ತುದಿಯ ನೈಟ್ರೋಜನ್‌ಗಳು ಒಂದೊಂದು ಆಮ್ಲವನ್ನು ಹೈಡ್ರೋಜನ್ ಬಂಧದಿಂದ ಹಿಡಿಯುತ್ತವೆ. ಎರಡು ಆಮ್ಲಕ್ಕೆ ಒಂದು ಬೈಪಿರಿಡೀನ್ ಎಂಬ ಲೆಕ್ಕದಲ್ಲಿ 31.2 ಮಿ.ಗ್ರಾಂ ಸರಿಯೇ, ಆದರೆ ಅದು ನೀರಿಲ್ಲದ ಪುಡಿಗೆ. ಬಾಟಲಿಯ ಲೇಬಲ್ ನೋಡಿ: ಡೈಹೈಡ್ರೇಟ್ (ಅಣುವಿಗೆ ಎರಡು ನೀರು ಸೇರಿದ್ದು) ಆಗಿದ್ದರೆ 38.4 ಮಿ.ಗ್ರಾಂ ಬೇಕು. ಇಲ್ಲದಿದ್ದರೆ ಸುಮಾರು ಐದರಲ್ಲೊಂದು ಪಾಲು ಕಡಿಮೆಬಿದ್ದು, ಮಿಕ್ಕ ಆಮ್ಲ ತನ್ನ ಪಾಡಿಗೆ ಜೋಡಿಯಾಗಿ ಬೇರೆ ವಿನ್ಯಾಸ ತೋರುತ್ತದೆ. ನಮಗೆ ಮೊದಲ ಅನುಮಾನ ಇದರ ಮೇಲೆಯೇ. ಮುಂಬಯಿಯ ಮಳೆಗಾಲದಲ್ಲಿ ಒಣ ಪುಡಿಯನ್ನೂ ಡೆಸಿಕೇಟರಿನಲ್ಲೇ (ತೇವ ತಾಗದ ಮುಚ್ಚಿದ ಪಾತ್ರೆಯಲ್ಲೇ) ಇಡಿ.

ಎರಡನ್ನೂ ಬರೇ ಅರೆದು ಬೆರೆಸಿದರೆ ಸಾಲದು. ನೀರಿಲ್ಲದ ಟಿಎಚ್ಎಫ್ (ಟೆಟ್ರಾಹೈಡ್ರೋಫ್ಯೂರಾನ್) ದ್ರಾವಕದಲ್ಲಿ ಪೂರ್ತಿ ಕರಗಿಸಿ, ನಿಧಾನವಾಗಿ ಆರಿಸಿ, ನಿರ್ವಾತದಲ್ಲಿ ಒಣಗಿಸಿ. ಬೈಪಿರಿಡೀನ್ ವಿಷಕಾರಿ, ಫ್ಯೂಮ್ ಹುಡ್ ಬಿಟ್ಟು ತೂಗಬೇಡಿ. ಸ್ಲೈಡನ್ನು ಬಿಸಿಯಲ್ಲಿ ಬಹಳ ಹೊತ್ತು ಬಿಟ್ಟರೆ ಬೈಪಿರಿಡೀನ್ ಆವಿಯಾಗಿ ಹಾರಿ ಅನುಪಾತ ಮತ್ತೆ ಕೆಡುತ್ತದೆ. ಕವರ್‌ಸ್ಲಿಪ್ಪಿನ ಅಂಚಿನಲ್ಲಿ ಬಿಳಿ ಪುಡಿ ಕಂಡರೆ ಆ ಸ್ಲೈಡ್ ಎಸೆಯಿರಿ. ಕೊನೆಗೆ ಐಆರ್ (ಅವಕೆಂಪು) ರೋಹಿತ ತೆಗೆಸಿ: 1900 ಮತ್ತು 2500 ಸೆಂ.ಮೀ⁻¹ ಹತ್ತಿರ ಅಗಲವಾದ ಪಟ್ಟಿಗಳು ಮೂಡಿದರೆ ಆಮ್ಲ-ಪಿರಿಡೀನ್ ಬಂಧ ಕೂಡಿದೆ. ಶುದ್ಧ ಆಮ್ಲದ 1680ರ ಸುಮಾರಿನ ಕಾರ್ಬೊನಿಲ್ ಪಟ್ಟಿ ಇನ್ನೂ ಉಳಿದಿದ್ದರೆ ಮತ್ತೆ ತೂಕದಿಂದ ಶುರುಮಾಡಿ.