ಗಾಯ ಬೇಗ ಮಾಯುವುದೂ ತೊಂದರೆಯೇ?

ಪ್ರಶ್ನೆ: ನನ್ನ ತಂದೆಯವರಿಗೆ 61 ವರ್ಷ. ಗ್ಲಾಕೋಮಾಕ್ಕಾಗಿ (ಕಣ್ಣಿನ ನರ ಹಾಳಾಗುವ ಕಾಯಿಲೆ) ಹನ್ನೊಂದು ವರ್ಷ ಹನಿ ಹಾಕಿಕೊಂಡರೂ ಕಣ್ಣಿನ ಒತ್ತಡ ಹತೋಟಿಗೆ ಬಾರದ ಕಾರಣ, ಮೂರು ವಾರಗಳ ಹಿಂದೆ ಬಲಗಣ್ಣಿಗೆ ಟ್ರ್ಯಾಬೆಕ್ಯುಲೆಕ್ಟಮಿ ಎಂಬ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಮೊದಲ ವಾರ 9 ಇದ್ದ ಒತ್ತಡ ಈಗ 19 ಆಗಿದೆ. ಗಾಯ ಬೇಗ ಮಾಯುತ್ತಿರುವುದರಿಂದ ಲೇಸರಿನಿಂದ ಒಂದು ಹೊಲಿಗೆ ಬಿಡಿಸಿ, ಬೇಕಾದರೆ ಇಂಜೆಕ್ಷನ್ ಕೊಡುವುದಾಗಿ ವೈದ್ಯರು ಹೇಳಿದ್ದಾರೆ. ಅದು ಕ್ಯಾನ್ಸರ್ ಔಷಧಿ ಎಂದು ತಿಳಿದು ತಂದೆಯವರು ಹೆದರಿದ್ದಾರೆ. ಗಾಯ ಮಾಯುವುದು ಒಳ್ಳೆಯದಲ್ಲವೇ? ಅವರು ತೋಟದ ಕೆಲಸಕ್ಕೆ ಯಾವಾಗ ಹೋಗಬಹುದು?
— ಓದುಗರು, ತೀರ್ಥಹಳ್ಳಿ

ಉತ್ತರ: ಗಾಯ ಪೂರ್ತಿ ಮಾಯಬಾರದು ಎಂದು ವೈದ್ಯರೇ ಬಯಸುವ ಅಪರೂಪದ ಶಸ್ತ್ರಚಿಕಿತ್ಸೆ ಇದು. ಕಣ್ಣಿನ ಒಳಗಿನ ದ್ರವ ಹೊರಬರಲೆಂದು ಬಿಳಿಗುಡ್ಡೆಯಲ್ಲಿ ಒಂದು ಕಿರುದಾರಿಯನ್ನು ಮಾಡಿ, ಅದರ ಮೇಲೆ ಬಿಳಿಗುಡ್ಡೆಯದೇ ತೆಳುಪದರವನ್ನು ಮುಚ್ಚಳದಂತೆ ಹೊಲಿದಿರುತ್ತಾರೆ. ಅಲ್ಲಿಂದ ಜಿನುಗಿದ ದ್ರವವು ಮೇಲ್ರೆಪ್ಪೆಯ ಅಡಿಯಲ್ಲಿ ಸಣ್ಣ ಗುಳ್ಳೆಯಾಗಿ ನಿಂತು, ನಿಧಾನವಾಗಿ ಹೀರಿಹೋಗುತ್ತದೆ. ಹೊರಪದರ ಚೆನ್ನಾಗಿ ಕೂಡಿಕೊಳ್ಳಬೇಕು, ಒಳದಾರಿ ಮಾತ್ರ ತೆರೆದೇ ಇರಬೇಕು. ದೇಹಕ್ಕೆ ಈ ವ್ಯತ್ಯಾಸ ತಿಳಿಯದು. ಉರಿಯೂತದ ಜೀವಕೋಶಗಳ ಹಿಂದೆಯೇ ನಾರು ನೇಯುವ ಕೋಶಗಳು ಬಂದು, ಕೊಲಾಜೆನ್ ಎಂಬ ಗಟ್ಟಿ ನಾರನ್ನು ಕಟ್ಟಿ ದಾರಿಯನ್ನು ಬಿಗಿಯುತ್ತವೆ. 1909ರಲ್ಲಿ ಮದ್ರಾಸಿನಲ್ಲಿ ನೇತ್ರವೈದ್ಯ ರಾಬರ್ಟ್ ಹೆನ್ರಿ ಎಲಿಯಟ್ ಅವರು ಬಿಳಿಗುಡ್ಡೆಯ ಅಂಚಿನಲ್ಲಿ ನೇರವಾಗಿ ರಂಧ್ರ ಕೊರೆಯುತ್ತಿದ್ದರು. 1968ರಲ್ಲಿ ಕೇಂಬ್ರಿಜ್‌ನ ಕೇರ್ನ್ಸ್ ಅವರು ವಿವರಿಸಿದ ಟ್ರ್ಯಾಬೆಕ್ಯುಲೆಕ್ಟಮಿಯಲ್ಲಿ ಅದಕ್ಕೆ ಮುಚ್ಚಳ ಬಂದಿತು. ದಾರಿ ಮುಚ್ಚಿಕೊಳ್ಳುವ ತೊಂದರೆ ಮಾತ್ರ ಉಳಿದೇ ಇತ್ತು.

ನಿಮ್ಮ ತಂದೆಯವರಲ್ಲಿ ಇದಕ್ಕೆ ಹನ್ನೊಂದು ವರ್ಷಗಳ ಹನಿಯೂ ಒಂದು ಕಾರಣವಿರಬಹುದು. ಅನೇಕ ಹನಿಗಳಲ್ಲಿರುವ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂಬ ಸಂರಕ್ಷಕವು ಕಣ್ಣಿನ ಹೊರಪೊರೆಯಲ್ಲಿ ಸದಾ ಸಣ್ಣ ಉರಿಯೂತವನ್ನು ಉಳಿಸುವುದರಿಂದ, ಶಸ್ತ್ರಚಿಕಿತ್ಸೆಯ ವೇಳೆಗಾಗಲೇ ನಾರು ನೇಯುವ ಆ ಕೋಶಗಳು ಎಚ್ಚೆತ್ತಿರುತ್ತವೆ. ಹಾಗೆಂದು ಹನಿ ಹಾಕಿದ್ದು ತಪ್ಪಲ್ಲ. ಇಷ್ಟು ವರ್ಷ ದೃಷ್ಟಿಯನ್ನು ಕಾಪಾಡಿದ್ದು ಅದೇ.

19 ಎಂಬುದು ಸಾಮಾನ್ಯ ಮಿತಿಯೊಳಗಿನ ಅಂಕಿಯೆಂದು ಸಮಾಧಾನಪಡಬೇಡಿ. ಎರಡೇ ವಾರಗಳಲ್ಲಿ ಅದು 9ರಿಂದ ಏರಿರುವುದು ಮುಖ್ಯ. ಮುಚ್ಚಳದ ಒಂದು ಹೊಲಿಗೆಯನ್ನು ಲೇಸರಿನಿಂದ ಬಿಡಿಸಿದರೆ ಹರಿವು ಹೆಚ್ಚುತ್ತದೆ. ಆದರೆ ನಾರು ಗಟ್ಟಿಯಾದ ಮೇಲೆ ಹೊಲಿಗೆ ಬಿಡಿಸಿ ಹೆಚ್ಚು ಫಲವಿಲ್ಲವಾದ್ದರಿಂದ, ‘ಮುಂದಿನ ತಿಂಗಳು ನೋಡೋಣ’ ಎನ್ನುವುದು ನನ್ನ ದೃಷ್ಟಿಯಲ್ಲಿ ದುಬಾರಿ ತಪ್ಪು.

ಇಂಜೆಕ್ಷನ್ ಬಹುಶಃ 5-ಫ್ಲೂರೋಯುರಾಸಿಲ್ ಇರಬೇಕು. ಕ್ಯಾನ್ಸರಿಗೆ ರಕ್ತನಾಳದ ಮೂಲಕ ನೂರಾರು ಮಿಲಿಗ್ರಾಂ ಕೊಡುವ ಈ ಔಷಧಿಯನ್ನು ಕಣ್ಣಿನ ಹೊರಪೊರೆಯ ಅಡಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂನಷ್ಟು ಮಾತ್ರ ಕೊಡುತ್ತಾರೆ. ಕೋಶಗಳು ವೃದ್ಧಿಯಾಗುವುದನ್ನು ತಡೆಯುವ ಅದೇ ಗುಣ ಇಲ್ಲಿ ನಾರಿನ ಕೋಶಗಳ ಮೇಲೆ ಕೆಲಸ ಮಾಡುತ್ತದೆ. ಕೂದಲು ಉದುರುವ ಭಯವಿಲ್ಲ. ಕೆಲವರಿಗೆ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಮೇಲ್ಪದರ ತರಚಿದಂತಾಗಿ ಉರಿ, ನೀರು ಸುರಿತ ಕಾಣಿಸುತ್ತದೆ. ಇದೇ ಉದ್ದೇಶಕ್ಕೆ ಶಸ್ತ್ರಚಿಕಿತ್ಸೆಯ ವೇಳೆ ಮೈಟೋಮೈಸಿನ್ ಎಂಬ ಔಷಧಿಯಲ್ಲಿ ಅದ್ದಿದ ಸ್ಪಂಜನ್ನು ಕೆಲವು ನಿಮಿಷ ಇಟ್ಟು ತೊಳೆಯುವುದೂ ಉಂಟು. ಇಂಥ ಔಷಧಿ ಅತಿಯಾದರೆ ಗುಳ್ಳೆ ತೀರ ತೆಳುವಾಗಿ ಸೋರಬಹುದು, ಒತ್ತಡ ಬೇಕಾದುದಕ್ಕಿಂತ ಕುಸಿಯಬಹುದು. ಆದ್ದರಿಂದಲೇ ವೈದ್ಯರು ಮೇಲಿಂದ ಮೇಲೆ ಕರೆದು ನೋಡುತ್ತಾರೆ.

ಇವೆಲ್ಲಕ್ಕೂ ಬುನಾದಿ ಉರಿಯೂತವನ್ನು ತಗ್ಗಿಸುವ ಸ್ಟೆರಾಯ್ಡ್ ಹನಿ. ಅದನ್ನು ಎರಡು ಮೂರು ತಿಂಗಳವರೆಗೆ ಹಂತಹಂತವಾಗಿ ಇಳಿಸುವುದು ರೂಢಿ. ಕೆಂಪು ಹೋಯಿತೆಂದು ನೀವಾಗಿ ನಿಲ್ಲಿಸಿದರೆ ಒಳಗಿನ ನಾರು ಬೆಳೆಯುತ್ತದೆ. ಹರಳೆಣ್ಣೆ, ಜೇನುತುಪ್ಪಗಳನ್ನು ಆ ಕಣ್ಣಿನ ಹತ್ತಿರಕ್ಕೂ ತರಬೇಡಿ.

ತೋಟವನ್ನು ನೋಡಿಬರಲು ಅಡ್ಡಿಯಿಲ್ಲ. ಬಗ್ಗುವುದು, ಭಾರ ಎತ್ತುವುದು, ಗೊಬ್ಬರದ ಕೆಲಸ ಇವು ವೈದ್ಯರು ಒಪ್ಪುವವರೆಗೆ ಬೇಡ. ಹೊಲಿಗೆ ಬಿಡಿಸಿದ ಮೇಲೆ ಆ ದಿನಗಳ ಲೆಕ್ಕ ಮತ್ತೆ ಶುರುವಾಗುತ್ತದೆ. ಕಣ್ಣು ಉಜ್ಜಲೇಬಾರದು. ಆ ಗುಳ್ಳೆ ಇರುವಷ್ಟು ಕಾಲ, ಹತ್ತು ವರ್ಷಗಳ ನಂತರವಾದರೂ ಸರಿ, ಕಣ್ಣು ಕೆಂಪಾಗಿ ನೋವು, ಪಿಸುರು ಅಥವಾ ಮಂಜು ಕಾಣಿಸಿದರೆ ಅದೇ ದಿನ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ.