ಚಿಕಿತ್ಸೆ ಮುಗಿದರೂ ಸಿಫಿಲಿಸ್ ರಿಪೋರ್ಟ್ ಪಾಸಿಟಿವ್: ಮತ್ತೆ ಇಂಜೆಕ್ಷನ್ ಬೇಕೇ?

ಎಂಟು ತಿಂಗಳ ಹಿಂದೆ ಹಾವೇರಿಯಲ್ಲಿ ಸಿಫಿಲಿಸ್ ಎಂಬ ಲೈಂಗಿಕ ಸೋಂಕಿಗೆ ಪೆನಿಸಿಲಿನ್ ಇಂಜೆಕ್ಷನ್ ಆಯ್ತು, ಆಗ ವಿಡಿಆರ್‌ಎಲ್ ಎಂಬ ರಕ್ತಪರೀಕ್ಷೆಯ ಅಂಕಿ 1:32 ಇತ್ತು, ಈಗ ಹುಬ್ಬಳ್ಳಿ ಲ್ಯಾಬಿನಲ್ಲಿ 1:4, ಸಿಫಿಲಿಸ್‌ನದೇ ಇನ್ನೊಂದು ರಕ್ತಪರೀಕ್ಷೆ ಟಿಪಿಎಚ್‌ಎ ಪಾಸಿಟಿವ್, ಮತ್ತೆ ಇಂಜೆಕ್ಷನ್ ಬೇಕೇ ಅಂತ ಬರೆದೀರಿ. ಗಾಬರಿಯಾಗಬೇಡ್ರಿ. ಈ ಅಂಕಿ ಚಿಕಿತ್ಸೆ ಹಿಡಿದಿದೆ ಅಂತಲೇ ಹೇಳುತ್ತದೆ.

ಮೊದಲು ಟಿಪಿಎಚ್‌ಎ ಪಕ್ಕಕ್ಕಿಡಿ. ಒಮ್ಮೆ ಪಾಸಿಟಿವ್ ಆದರೆ, ರೋಗ ವಾಸಿಯಾದ ಮೇಲೂ ಬಹುತೇಕರಲ್ಲಿ ಆಯುಷ್ಯಪೂರ್ತಿ ಹಾಗೇ ಉಳಿಯುತ್ತದೆ. ಗುಣವಾಯಿತೋ ಇಲ್ಲವೋ ನೋಡಲು ಅದನ್ನು ಮಾಡಿಸಿದರೆ ದುಡ್ಡು ದಂಡ.

ನೋಡಬೇಕಾದ್ದು ವಿಡಿಆರ್‌ಎಲ್ ಅಂಕಿ. ಸೀರಮ್ಮನ್ನು (ರಕ್ತದಿಂದ ಬೇರ್ಪಡಿಸಿದ ತಿಳಿ ದ್ರವ) 1:2, 1:4, 1:8 ಹೀಗೆ ಅರ್ಧರ್ಧ ತೆಳು ಮಾಡುತ್ತ, ಆಂಟಿಜನ್ ಎಂಬ ಪರೀಕ್ಷಾ ದ್ರಾವಣ ಬೆರೆಸಿದಾಗ ಎಲ್ಲಿಯವರೆಗೆ ಅದರ ಕಣಗಳು ಗುಂಪುಗಟ್ಟುತ್ತವೆ ಅಂತ ಮೈಕ್ರೋಸ್ಕೋಪಿನಲ್ಲಿ ಕಣ್ಣಿಟ್ಟು ಓದುತ್ತಾರೆ. ಕಣ್ಣಿನ ಅಂದಾಜಾದ್ದರಿಂದ ಒಂದು ಮೆಟ್ಟಿಲು ಆಚೀಚೆ ಲೆಕ್ಕಕ್ಕಿಲ್ಲ. ಎರಡು ಮೆಟ್ಟಿಲು, ಅಂದರೆ ನಾಲ್ಕು ಪಟ್ಟು ಬದಲಾದರೆ ಮಾತ್ರ ಅರ್ಥ. ನಿಮ್ಮದು 32ರಿಂದ 16, 8, 4: ಮೂರು ಮೆಟ್ಟಿಲು ಇಳಿದಿದೆ. ಕೆಲವರಲ್ಲಿ 1:1, 1:2ರ ಹತ್ತಿರ ಬಂದು ವರ್ಷಗಟ್ಟಲೆ ಅಲ್ಲೇ ಕೂರುತ್ತದೆ.

ಒಂದು ತಕರಾರು: ನೀವು ಲ್ಯಾಬ್ ಬದಲಿಸಿದ್ದೀರಿ. ಈ ಪರೀಕ್ಷೆಗೆ ಸೀರಮ್ಮನ್ನು 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಬೇಕು, ಆಂಟಿಜನ್ ಅಂದಂದೇ ಕಲಸಬೇಕು, ಸ್ಲೈಡು ನಿಮಿಷಕ್ಕೆ 180 ಸುತ್ತಿನಂತೆ 4 ನಿಮಿಷ ತಿರುಗಬೇಕು. ಒಂದು ಕಡೆ ಅವಸರ ಮಾಡಿದರೂ ಅಂಕಿ ಜರಗುತ್ತದೆ. ಇನ್ನು ಕೆಲವು ಕಡೆ ವಿಡಿಆರ್‌ಎಲ್ ಕೇಳಿದರೆ ಅದೇ ಬಗೆಯ ಇನ್ನೊಂದು ಪರೀಕ್ಷೆ ಆರ್‌ಪಿಆರ್ ಮಾಡಿ ಕೊಡುತ್ತಾರೆ. ಅದರ ಅಂಕಿ ಸಾಮಾನ್ಯವಾಗಿ ತುಸು ಮೇಲೆ. ಮುಂದಿನದನ್ನು ಒಂದೇ ಲ್ಯಾಬಿನಲ್ಲಿ, ಒಂದೇ ಪರೀಕ್ಷೆಯಾಗಿ, 12ನೇ ಮತ್ತು 24ನೇ ತಿಂಗಳಿಗೆ ಮಾಡಿಸಿ.

ಹಳೆ ಚೀಟಿಯನ್ನೂ ತೆಗೆದು ನೋಡಿ. ಸೋಂಕು ಹೊಸದಿದ್ದರೆ ಬೆಂಜಾಥಿನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಒಂದು ಸಲ ಸಾಕು. ಹಳೆಯದು ಅಥವಾ ಯಾವಾಗಿನದೆಂದು ಗೊತ್ತಿಲ್ಲದ್ದಾದರೆ ವಾರಕ್ಕೊಂದರಂತೆ ಮೂರು. ಎಷ್ಟು ಆಗಿವೆ ಅನ್ನೋದು ನಿಮ್ಮ ಪ್ರಶ್ನೆಯಲ್ಲಿಲ್ಲ.

ಅಂಕಿ ಮತ್ತೆ 1:16ಕ್ಕೆ ಏರಿದರೆ, ಹುಣ್ಣು ಕಂಡರೆ, ಅಂಗೈ-ಅಂಗಾಲಿನಲ್ಲಿ ಕಲೆ ಬಿದ್ದರೆ ತಡಮಾಡದೆ ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ರೋಗಗಳನ್ನು ನೋಡುವ ಸುರಕ್ಷಾ ಕ್ಲಿನಿಕ್ಕಿಗೋ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೋ ಹೋಗಿ. ದೃಷ್ಟಿ ಮಂಜಾದರೆ, ಕಿವಿ ಮಂದವಾದರೆ ಅದೇ ದಿನ. ಅಂಕಿ ಏರುವುದಕ್ಕೆ ಸಾಮಾನ್ಯ ಕಾರಣ ಔಷಧಿ ಸೋತದ್ದಲ್ಲ, ಸಂಗಾತಿಗೆ ಚಿಕಿತ್ಸೆ ಆಗದೆ ಅವರಿಂದ ಸೋಂಕು ಮತ್ತೆ ತಗಲುವುದು. ನಿಮ್ಮ ಮನೆಯವರ ರಕ್ತ ನೋಡಿಸಿದ್ದೀರಾ? ಅವರು ಬಸುರಿಯಾಗಿದ್ದು ಸೋಂಕು ಇದ್ದರೆ ಪೆನಿಸಿಲಿನ್ನೇ ಆಗಬೇಕು; ಅದಕ್ಕೆ ಬದಲಾಗಿ ಕೊಡುವ ಡಾಕ್ಸಿಸೈಕ್ಲಿನ್ ಆಗ ನಡೆಯೋದಿಲ್ಲ.